ಬಸವ್ವ ಏಳಲೊಲ್ಲಳು, ಎಬ್ಬಿಸಬೇಕೇ?

ಪ್ರಶ್ನೆ: ನಾನು ಬ್ಯಾಡಗಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿ. ಬಿಡುವಿದ್ದಾಗ ಕತೆ ಬರೆಯುತ್ತೇನೆ. ಈಗ ಬರೆಯುತ್ತಿರುವುದು ನಮ್ಮೂರ ಮೆಣಸಿನಕಾಯಿ ಪೇಟೆಯ ಕತೆ. ಬಸವ್ವ ಎಂಬ ಮುದುಕಿ ಅಲ್ಲಿ ತುಂಬು ಬಿಡಿಸುವ, ಅಂದರೆ ಒಣ ಕಾಯಿಯ ತೊಟ್ಟು ತೆಗೆಯುವ ಕೂಲಿ ಮಾಡುತ್ತಾಳೆ. ಬೆಂಗಳೂರಿನಲ್ಲಿ ನೌಕರಿ ಮಾಡುವ ಮಗ ಬಂದು ಆಕೆಯನ್ನು ಕರೆದುಕೊಂಡು ಹೋಗುತ್ತಾನೆ. ಅಲ್ಲಿ ಹತ್ತನೇ ಮಹಡಿಯ ಮನೆಯಲ್ಲಿ ಆಕೆ ಊರು ನೆನೆದು ಕೊರಗುತ್ತಾಳೆ. ಇದನ್ನೆಲ್ಲ ನೋಟ್‌ಬುಕ್ಕಿನಲ್ಲಿ ದೃಶ್ಯವಾರು ಬರೆದಿಟ್ಟುಕೊಂಡೇ ಶುರು ಮಾಡಿದ್ದೆ. ಆದರೆ ಆರನೇ ಪುಟದಲ್ಲಿ ಮಗ ಬಂದು "ಅವ್ವಾ, ನಡಿ, ಬಸ್ಸಿಗೆ ಹೊತ್ತಾತು" ಅಂದಾಗ ಬಸವ್ವ ತಲೆ ಎತ್ತದೆ "ಈ ಚೀಲ ಮುಗೀಲಿ, ನೀನೂ ಕೂಡು" ಅಂದುಬಿಟ್ಟಳು. ಅವನು ಕೂತೂಬಿಟ್ಟ. ನಾನು ಯೋಚಿಸಿದ್ದು ಇದಲ್ಲ. ಅಲ್ಲಿಂದ ಮುಂದೆ ಪೆನ್ನು ಓಡುತ್ತಿಲ್ಲ. ನಮ್ಮ ಮನೆಯವರು ಯೋಜನೆಯಂತೆ ಹೋಗು ಅನ್ನುತ್ತಾರೆ. ಒಂದು ಕಥಾ ಕಮ್ಮಟದಲ್ಲಿ ಕೊನೆಯ ಸಾಲು ಗೊತ್ತಿಲ್ಲದೆ ಕತೆ ಶುರು ಮಾಡಬಾರದು ಅಂದಿದ್ದರು. ಬೇರೆ ಕೆಲವರು ಪಾತ್ರಗಳೇ ಬರೆಸಿಕೊಂಡು ಹೋಗುತ್ತವೆ ಅನ್ನುತ್ತಾರೆ. ಯಾವುದು ಖರೆ? ಹೀಗೆ ಅನಿರೀಕ್ಷಿತವಾಗಿ ಬರುವುದು ತಾನಾಗಿಯೇ ಬರಬೇಕೋ, ಅದನ್ನು ಕರೆಯುವ ದಾರಿ ಏನಾದರೂ ಇದೆಯೋ? ಆರೂ ಪುಟ ಜೊತೆಗಿಟ್ಟಿದ್ದೇನೆ.

ಉತ್ತರ: ಅಕ್ಕೋರೇ, ಬಸವ್ವನನ್ನು ಎಬ್ಬಿಸಬೇಡಿ. ಆಕೆ ಕೂತಲ್ಲೇ ಇರಲಿ, ಮಗನೂ ಪಕ್ಕದಲ್ಲಿ ಇರಲಿ. ನೋಟ್‌ಬುಕ್ಕಿನ ಬೆಂಗಳೂರು ಎಲ್ಲಿಗೂ ಓಡಿಹೋಗುವುದಿಲ್ಲ, ಬೇಕಾದರೆ ಆಮೇಲೆ ಹೋದರಾಯಿತು. ನಿಮ್ಮ ಆರು ಪುಟ ಓದಿ ಅನ್ನಿಸಿದ್ದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಮೊದಲ ಎರಡು ಪುಟವನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಮೂರು, ನಾಲ್ಕನ್ನು ನೀವೇ ಬರೆಯಬೇಕಿತ್ತು. ಐದರಲ್ಲಿ ದಾರಿ ಸವೆಸಿದ್ದೀರಿ. ಆರರಲ್ಲಿ ಕತೆ ಶುರುವಾಗಿದೆ.

ಹೀಗೆ ಯಾಕಾಯಿತು ಅಂತ ಮೊದಲು ನೋಡೋಣ. ಯೋಜನೆ ಬರೆದಾಗ ನಿಮ್ಮ ಕಣ್ಣ ಮುಂದೆ ಇದ್ದವಳು ಒಬ್ಬ ತಾಯಿ. ಹಳ್ಳಿಯ ತಾಯಿ, ಪಟ್ಟಣದ ಮಗ, ಎತ್ತರದ ಮನೆ, ಕಿಟಕಿ, ಕೊರಗು. ಇಂಥ ತಾಯಿಯನ್ನು ನಾವೆಲ್ಲ ಎಷ್ಟೋ ಕಡೆ ಓದಿದ್ದೇವೆ. 'ನಡಿ' ಅಂದರೆ ಆಕೆ ಏಳುತ್ತಾಳೆ, ಏಕೆಂದರೆ ಆಕೆಗೆ ಬೇರೆ ಕೆಲಸವಿಲ್ಲ. ಆದರೆ ಮೂರನೇ ಪುಟದಲ್ಲಿ ನೀವು ಬರೆದದ್ದೇ ಬೇರೆ. ಡಬ್ಬಿ ಜಾತಿಯ ಮೆಣಸಿನಕಾಯಿಯಲ್ಲಿ ಕಡ್ಡಿ ಜಾತಿಯದು ಬೆರೆತಿದ್ದರೆ ಬಸವ್ವನಿಗೆ ನೋಡುವುದೇ ಬೇಡ, ಬೆರಳಿಗೇ ತಿಳಿಯುತ್ತದೆ. ಕೂಡುವ ಮೊದಲು ಅಂಗೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಾಳೆ, ಮೂಗಿಗೆ ಸೆರಗು ಬಿಗಿಯುತ್ತಾಳೆ. ಘಾಟಿಗೆ ಹೊಸಬರು ಸೀನಿದರೆ ಹಳಬರು ನಗುತ್ತಾರೆ. ಕಿಲೋ ಲೆಕ್ಕದ ಕೂಲಿ ನೋಡಿ, ನೀರು ಕುಡಿಯಲು ಏಳುವುದನ್ನೂ ಆಕೆ ಮುಂದೂಡುತ್ತಾಳೆ. ಒಂದೊಂದೇ ಬರೆಯುತ್ತ ಬರೆಯುತ್ತ ನಿಮಗೆ ಅರಿವಿಲ್ಲದೆ ತಾಯಿ ಹಿಂದೆ ಸರಿದು ಕೆಲಸಗಾರ್ತಿ ಮುಂದೆ ಬಂದಳು. ನೀರಿಗೇ ಏಳದವಳು ಮಗ ಕರೆದ ಅಂತ ಅರ್ಧ ಚೀಲ ಬಿಟ್ಟು ಎದ್ದಾಳೆಯೇ? ಇದು ನಿಮ್ಮ ಕೈಗೆ ಗೊತ್ತಾಗಿತ್ತು, ನೋಟ್‌ಬುಕ್ಕಿಗೆ ಗೊತ್ತಾಗಿರಲಿಲ್ಲ.

ಕರೆಯುವ ದಾರಿ ಇದೆಯೋ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಇದೆ, ಮತ್ತು ನಿಮಗೇ ತಿಳಿಯದಂತೆ ಆ ದಾರಿ ಹಿಡಿದಿದ್ದೀರಿ. ಊರು, ಕೆಲಸ, ದುಡ್ಡು, ಹೊತ್ತು, ಸಂಬಂಧ ಇವನ್ನೆಲ್ಲ ಬಿಗಿಯಾಗಿ ಕಟ್ಟಬೇಕು, ಮನುಷ್ಯರು ಕೊಡುವ ಉತ್ತರವನ್ನು ಮಾತ್ರ ಕಟ್ಟದೆ ಬಿಡಬೇಕು. ನನ್ನ ಬಳಿ ಬರುವ ಹೊಸಬರ ಕತೆಗಳಲ್ಲಿ ಬಹುಪಾಲು ಇದರ ಉಲ್ಟಾ. ಒಂದೂರು, ಒಬ್ಬ ಮುದುಕಿ, ಏನೋ ಕೂಲಿ ಅಂತ ಸುತ್ತಲಿನದೆಲ್ಲ ಮಬ್ಬಾಗಿರುತ್ತದೆ. ಯಾರು ಯಾವಾಗ ಅಳಬೇಕು, ಯಾರು ಯಾರ ಕಾಲಿಗೆ ಬೀಳಬೇಕು ಎಂಬುದು ಮಾತ್ರ ಮೊದಲೇ ನಿಶ್ಚಯವಾಗಿರುತ್ತದೆ. ಅಂಥ ಕಡೆ ಬರೆಯುವವರಿಗೇ ಅಚ್ಚರಿಯಾಗುವಂಥದ್ದು ಏನೂ ನಡೆಯುವುದಿಲ್ಲ, ನಡೆಯಲು ಅಲ್ಲಿ ಜಾಗವೇ ಇಲ್ಲ.

ಇನ್ನು 'ಬರೆಸಿಕೊಂಡು ಹೋಗುತ್ತವೆ' ಎನ್ನುವವರ ಮಾತು. ನಮ್ಮ ಭಾಗದಲ್ಲಿ ಈ ಮಾತಿಗೆ ಬಲ ಜಾಸ್ತಿ, ಕಾರಣವೂ ಇದೆ. ಗದಗಿನ ವೀರನಾರಾಯಣ ಗುಡಿಗೆ ಹೋದರೆ ಕುಮಾರವ್ಯಾಸನ ಕಂಬ ತೋರಿಸುತ್ತಾರೆ. ಕೋಳಿವಾಡದ ಆ ಕವಿ ಸ್ನಾನ ಮಾಡಿ ಒದ್ದೆ ಬಟ್ಟೆಯಲ್ಲೇ ಕಂಬಕ್ಕೊರಗಿ ಕೂತು, ಬಟ್ಟೆ ಆರುವ ತನಕ ಮಾತ್ರ ಭಾರತ ಬರೆಯುತ್ತಿದ್ದ ಎಂಬ ಐತಿಹ್ಯ ಈ ಕಡೆಯ ಮಕ್ಕಳಿಗೂ ಗೊತ್ತು. ಕಾವ್ಯದ ಪೀಠಿಕೆಯಲ್ಲಿ ಅವನೇ 'ವೀರನಾರಾಯಣನೆ ಕವಿ, ಲಿಪಿಕಾರ ಕುವರವ್ಯಾಸ' ಅಂದಿದ್ದಾನೆ. ಒಮ್ಮೆ ಇಟ್ಟ ಪದವನ್ನು ಅಳಿಸದಿರುವುದು ತನ್ನ ಅಗ್ಗಳಿಕೆ ಅಂತಲೂ ಹೇಳಿಕೊಂಡಿದ್ದಾನೆ. ಇದನ್ನು ಕೇಳುತ್ತ ಬೆಳೆದವರು ಬರವಣಿಗೆ ಮೇಲಿಂದ ಇಳಿದುಬರುವಂಥದ್ದು, ನಮ್ಮ ಕೆಲಸ ಹಾಳೆ ಹಿಡಿದು ಕೂಡುವುದಷ್ಟೇ ಅಂದುಕೊಂಡರೆ ತಪ್ಪೆನ್ನಲಾರೆ.

ಅವನ ಭಕ್ತಿಯ ಮಾತಿಗೆ ನಾನು ಕೈ ಹಾಕುವುದಿಲ್ಲ. ಕಸುಬಿನ ಕಣ್ಣಿನಿಂದ ಮಾತ್ರ ನೋಡುತ್ತೇನೆ. ಕುಮಾರವ್ಯಾಸನ ಮುಂದೆ ಕತೆ ಪೂರ್ತಿ ಇತ್ತು. ಯಾರು ಗೆಲ್ಲುತ್ತಾರೆ, ಯಾರ ತೊಡೆ ಮುರಿಯುತ್ತದೆ ಎಂಬುದು ಕೇಳುವವನಿಗೂ ಗೊತ್ತಿತ್ತು. ಅದರ ಮೇಲೆ ಭಾಮಿನಿ ಷಟ್ಪದಿಯ ಕಟ್ಟು, ಮೂರು ಮತ್ತು ನಾಲ್ಕು ಮಾತ್ರೆಗಳ ಗಣ, ಆರೂ ಸಾಲಿಗೆ ಆದಿಪ್ರಾಸ. ಇಷ್ಟೆಲ್ಲ ನಿಶ್ಚಯವಾದ ಕಡೆ ತೆರೆದು ಉಳಿದದ್ದೇನು? ಸಭೆಯಲ್ಲಿ ದ್ರೌಪದಿ ಯಾರನ್ನು ಯಾವ ಮಾತಿನಿಂದ ಇರಿಯುತ್ತಾಳೆ, ಉತ್ತರಕುಮಾರ ಹೆಂಗಸರೆದುರು ಎಷ್ಟು ಕೊಚ್ಚಿಕೊಳ್ಳುತ್ತಾನೆ, ರಣದಲ್ಲಿ ಎಷ್ಟು ನಡುಗುತ್ತಾನೆ, ಅದಕ್ಕೆ ಯಾವ ರೂಪಕ. ಅವನನ್ನು ರೂಪಕ ಸಾಮ್ರಾಜ್ಯ ಚಕ್ರವರ್ತಿ ಅಂತ ಕರೆಯುವುದು ಈ ತೆರೆದ ಜಾಗದಲ್ಲಿ ಅವನು ಮಾಡಿದ್ದಕ್ಕೆ. ಕತೆಯ ಹೊಣೆಯನ್ನು ವೀರನಾರಾಯಣನಿಗೆ ಒಪ್ಪಿಸಿಬಿಟ್ಟಿದ್ದರಿಂದ ಅವನ ಗಮನವೆಲ್ಲ ಆಗಿನ ಸಾಲಿನ ಮೇಲೆ ನಿಂತಿತು ಅಂತ ನಾನು ಓದಿಕೊಳ್ಳುತ್ತೇನೆ. ಪಂಡಿತರು ಒಪ್ಪಲಿಕ್ಕಿಲ್ಲ, ಇರಲಿ.

ಹೀಗಾಗಿ ನಿಮ್ಮ ಕಮ್ಮಟದವರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕೊನೆ ಗೊತ್ತಿದ್ದೂ ಸಾಲುಸಾಲಿಗೆ ಬೆಚ್ಚಿಬೀಳಬಹುದು. ಅವರು ಹೇಳದೆ ಬಿಟ್ಟ ಮಾತೊಂದಿದೆ. ಕುಮಾರವ್ಯಾಸನಿಗೆ ಕೊನೆ ಬದಲಿಸುವ ಸ್ವಾತಂತ್ರ್ಯ ಇರಲಿಲ್ಲ, ಎಲ್ಲಿ ನಿಲ್ಲಿಸಬೇಕೆಂಬ ಸ್ವಾತಂತ್ರ್ಯ ಇತ್ತು, ಹದಿನೆಂಟು ಪರ್ವಗಳಲ್ಲಿ ಹತ್ತನ್ನು ಬರೆದು ಗದಾಪರ್ವಕ್ಕೆ ನಿಲ್ಲಿಸಿದ. ನಿಮಗೆ ಎರಡೂ ಇವೆ. ಬಸವ್ವ ವ್ಯಾಸರ ಸೊಸೆಯಲ್ಲ, ಆಕೆ ಬೆಂಗಳೂರಿಗೆ ಹೋಗಲೇಬೇಕೆಂದು ಯಾವ ಪುರಾಣವೂ ಹೇಳಿಲ್ಲ. ಇನ್ನು ಪದ ಅಳಿಸದ ಅಗ್ಗಳಿಕೆ ಅವನಿಗೇ ಇರಲಿ, ನಾವು ಧಾರಾಳವಾಗಿ ಅಳಿಸೋಣ.

ಧಾರವಾಡದ ನಂಟಿನ ಇನ್ನೊಂದು ಸಂಗತಿ ಹೇಳುತ್ತೇನೆ. ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೊರಟರು. ಹೊರಡುವ ತಯಾರಿಯ ಗಡಿಬಿಡಿಯಲ್ಲೇ ಒಂದು ನಾಟಕ ಬರೆದರು. ಅದು ತಮಗೇ ಅಚ್ಚರಿಯಾಗಿತ್ತು ಅಂತ ಅವರು ಮುಂದೆ ಬರೆದುಕೊಂಡಿದ್ದಾರೆ. ಕವಿಯಾಗಬೇಕೆಂದಿದ್ದವರು ನಾಟಕ ಬರೆದಿದ್ದರು. ಇಂಗ್ಲಿಷಿನಲ್ಲಿ ಬರೆಯಲು ತಯಾರಾಗಿದ್ದವರು ಕನ್ನಡದಲ್ಲಿ ಬರೆದಿದ್ದರು. ಪುರಾಣದಿಂದ ದೂರ ಸರಿದಿದ್ದೇನೆ ಅಂದುಕೊಂಡವರಿಗೆ ಮಹಾಭಾರತದ ವಸ್ತು ಸಿಕ್ಕಿತ್ತು. ಆ 'ಯಯಾತಿ' 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಬಂತು. ಅಪ್ಪ ಮಗನ ಯೌವನ ಕೇಳುವ ಕತೆ. ಮಗ ಪರದೇಶಕ್ಕೆ ಹೊರಟಾಗ ಮನೆಯಲ್ಲಿ ಎದ್ದ ಆತಂಕ, ಮಗನ ಮೇಲೆ ಹಿರಿಯರ ಹಕ್ಕು, ಇವೆಲ್ಲ ಆ ಪುರಾಣದಲ್ಲಿ ಎಷ್ಟು ತಂತಾನೇ ಕೂತಿದ್ದವು ಎಂಬುದು ಅವರಿಗೆ ಹೊಳೆದದ್ದು ಬರೆದ ಮೇಲೆ. ಬರೆಯುವಾಗ ಅದು ಕಷ್ಟದಿಂದ ತಪ್ಪಿಸಿಕೊಳ್ಳುವ ದಾರಿಯಂತೆ ಮಾತ್ರ ಕಂಡಿತ್ತಂತೆ.

ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಆ 'ಮೇಲೆ'. 'ಮನೆಯವರು ನನ್ನನ್ನು ಕಟ್ಟಿಹಾಕುತ್ತಿದ್ದಾರೆ, ಅದರ ಬಗ್ಗೆ ಬರೆಯುತ್ತೇನೆ' ಅಂತ ಮೊದಲೇ ನಿರ್ಧರಿಸಿ ಕೂತಿದ್ದರೆ ಬಹುಶಃ ಒಂದು ದೂರಿನ ಅರ್ಜಿ ತಯಾರಾಗುತ್ತಿತ್ತು. ಯಯಾತಿ, ಪುರು, ಶರ್ಮಿಷ್ಠೆ ಅಂತ ತನ್ನಿಂದ ಹೊರಗಿನ ಒಂದು ಗಟ್ಟಿ ಸಂಗತಿಗೆ ಗಮನ ಕೊಟ್ಟಾಗ ಒಳಗಿನದು ಹಿಂಬಾಗಿಲಿನಿಂದ ಬಂತು. ನಿಮಗೆ ಪುರಾಣ ಬೇಕಾಗಿಲ್ಲ. ಒಂದು ಚೀಲ ಮೆಣಸಿನಕಾಯಿ ಇದೆ.

ಧಾರವಾಡದಲ್ಲಿ ಇಂಥ ಮಾತು ಎದ್ದರೆ ಸಾಕು, ಜನ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಆಲಾಪಕ್ಕೆ ಹಾರುತ್ತಾರೆ. ನಾನು ಹಾರುವುದಿಲ್ಲ. ಅವರು ಹಾಡುತ್ತಿದ್ದ ಖಯಾಲಿನಲ್ಲಿ ಎದುರಾಳಿ ಇಲ್ಲ, ಕತೆಗೆ ಎದುರಾಳಿ ಬೇಕು. ನಿಮಗೆ ಹತ್ತಿರದ್ದು ಗೀಗೀ ಪದ. ಹರದೇಶಿ, ನಾಗೇಶಿ ಎರಡು ಮೇಳ ಎದುರುಬದುರು ನಿಲ್ಲುವುದನ್ನು ಜಾತ್ರೆಯಲ್ಲಿ ನೀವೂ ನೋಡಿರುತ್ತೀರಿ. ಒಂದು ಗಂಡು ಹೆಚ್ಚೆಂದು ಸಾಧಿಸುವ ಕಡೆ, ಇನ್ನೊಂದು ಹೆಣ್ಣು ಹೆಚ್ಚೆಂದು. ಯಾವ ಮೇಳ ಯಾವ ಕಡೆ ಎಂಬುದು ನಿಶ್ಚಯ, ಡಪ್ಪು ತುಂತುಣಿ ನಿಶ್ಚಯ, 'ಗೀಯ ಗಾ ಗೀಯ' ಎನ್ನುವ ಸೊಲ್ಲು ನಿಶ್ಚಯ. ಎದುರಿನವರು ಮುಂದೆ ಏನು ಸವಾಲು ಹಾಕುತ್ತಾರೆ ಎಂಬುದು ಮಾತ್ರ ಗೊತ್ತಿಲ್ಲ. ನಮ್ಮ ಕಡೆಯ ಬಯಲಾಟವಾದ ಸಣ್ಣಾಟದಲ್ಲೂ ಹಾಗೇ. ಹಾಡು ಕಟ್ಟಿದ್ದು, ಹಾಡಿನ ನಡುವಿನ ಮಾತು ಎಷ್ಟೋ ಸಲ ಆ ರಾತ್ರಿ ಅಲ್ಲೇ ಹುಟ್ಟಿದ್ದು. ಎದುರಿನವನು ಏನು ಅಂದಾನೋ ಎಂಬ ಸಣ್ಣ ಹೆದರಿಕೆಯಲ್ಲಿ ನಿಂತವನ ಬಾಯಿಂದ ಬರುವ ಮಾತೇ ಬೇರೆ.

ಇದನ್ನು ನಿಮ್ಮ ಆರನೇ ಪುಟಕ್ಕೆ ತರುತ್ತೇನೆ. ಬಸವ್ವ ಏಳಲಿಲ್ಲ ಎಂಬುದು ನಿಮಗೆ ದೊಡ್ಡ ಅಚ್ಚರಿಯಾಗಿ ಕಂಡಿದೆ. ನನಗೆ ಹಾಗೆ ಕಾಣಲಿಲ್ಲ, ಮೂರನೇ ಪುಟ ಓದಿದ ಯಾರಿಗೂ ಆಕೆ ಏಳುವುದಿಲ್ಲ ಅಂತ ಅನ್ನಿಸುತ್ತದೆ. ನಿಜವಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ನೀವು ಎರಡೇ ಪದದಲ್ಲಿ ದಾಟಿಸಿಬಿಟ್ಟ ಇನ್ನೊಂದು ಸಂಗತಿ. ಮಗ ಕೂತುಬಿಟ್ಟ. ಯಾಕೆ ಕೂತ? ಅವನಿಗೆ ಬಸ್ಸಿನ ಅವಸರ ಇತ್ತು. ಇಸ್ತ್ರಿ ಮಾಡಿದ ಪ್ಯಾಂಟು ಅಂತ ನೀವೇ ಬರೆದಿದ್ದೀರಿ. ಸುತ್ತ ಇಪ್ಪತ್ತು ಹೆಂಗಸರು, ಗಂಡಸರು ಕೂಡದ ಜಾಗ. ಹಾಗಿದ್ದೂ ಕೂತ. ನಿಮ್ಮ ಪೆನ್ನು ನಿಂತದ್ದು ಬಸವ್ವನಿಂದಾಗಿ ಅಂತ ನೀವು ತಿಳಿದಿದ್ದೀರಿ. ನಿಂತದ್ದು ಇವನಿಂದ. ಬಸವ್ವನ ಬಗ್ಗೆ ಎರಡು ಪುಟ ಬರೆದು ಆಕೆಯನ್ನು ಅರಿತುಕೊಂಡಿದ್ದೀರಿ. ಇವನ ಕೈಗೆ ಪ್ಯಾಂಟು, ಮೊಬೈಲು, ಅವಸರ ಮೂರನ್ನೇ ಕೊಟ್ಟಿದ್ದೀರಿ. ಇವನು ತಪ್ಪು ಮಾಡುವವನು ಅಂತ ಮೊದಲೇ ತೀರ್ಮಾನಿಸಿದ್ದಿರಿ, ಆದ್ದರಿಂದ ಇವನ ಮಾತಿಗೆ ಕಿವಿಗೊಟ್ಟಿಲ್ಲ.

ಇವನಿಗೆ ಗಟ್ಟಿ ವಾದ ಕೊಡಿ. ಕತೆಯೊಳಗೆ ಹಾಕಲಿಕ್ಕಲ್ಲ, ಬೇರೆ ಹಾಳೆಯಲ್ಲಿ. ಹಾವೇರಿ ಬಸ್‌ಸ್ಟ್ಯಾಂಡಿನಲ್ಲಿ ಹಳೆಯ ಗೆಳೆಯನೊಬ್ಬ ಸಿಕ್ಕು, ಚಹಾ ಕುಡಿಯುತ್ತ "ಯಾಕಲೇ, ಅವ್ವನ್ನ ಈ ವಯಸ್ಸಿನ್ಯಾಗ ಕಿತ್ತಕೊಂಡು ಒಯ್ಯಾಕತ್ತಿ?" ಅಂತ ಕೇಳಿದ ಅಂದುಕೊಳ್ಳಿ. ಇವನು ಏನನ್ನುತ್ತಾನೆ? ರಾತ್ರಿಯಿಡೀ ಕೆಮ್ಮುತ್ತಾಳೆ ಅಂತ ಪಕ್ಕದ ಮನೆಯವರು ಫೋನು ಮಾಡಿದ್ದರೋ? ಮಗನಿದ್ದೂ ಮುದುಕಿ ಕೂಲಿ ಮಾಡುತ್ತಾಳೆ ಅಂತ ಬೀಗರ ಮುಂದೆ ಯಾರೋ ಅಂದಿದ್ದರೋ? ಅಥವಾ ಬೆಂಗಳೂರಿನಲ್ಲಿ ಕೂಸನ್ನು ನೋಡಿಕೊಳ್ಳಲು ಆಳು ಸಿಗದೆ ಅವ್ವನ ನೆನಪಾಗಿದ್ದೋ? ಮೂರೂ ಏಕಕಾಲಕ್ಕೆ ನಿಜ ಇರಬಹುದು, ಮನುಷ್ಯರು ಹಾಗೇ ಇರುತ್ತಾರೆ. ಅವನ ಬಾಯಲ್ಲೇ ಬರೆಯಿರಿ, ಮಧ್ಯೆ ನೀವು ತಲೆ ಹಾಕಬೇಡಿ. ಅವನು ಹೇಳುವುದು ನಿಮಗೂ ಸರಿ ಅನ್ನಿಸತೊಡಗಿದಾಗ ನಿಲ್ಲಿಸಿ ಆರನೇ ಪುಟಕ್ಕೆ ವಾಪಸು ಬನ್ನಿ. ಆಮೇಲೆ ಒಂದು ಸಣ್ಣ ಪ್ರಶ್ನೆ ಕೇಳಿಕೊಳ್ಳಿ. ಅವನಿಗೆ ತುಂಬು ಬಿಡಿಸಲು ಬರುತ್ತದೆಯೇ? ಸಣ್ಣವನಿದ್ದಾಗ ಅದೇ ರಾಶಿಯ ಪಕ್ಕ ಬೆಳೆದವನಾದರೆ ಬೆರಳು ಮರೆತಿರುವುದಿಲ್ಲ. ಬಾರದವನಾದರೆ ಅವನನ್ನು ಈ ಕೆಲಸದಿಂದ ದೂರ ಇಟ್ಟವರು ಯಾರು? ಉತ್ತರ ನನಗೆ ಬೇಡ, ದೃಶ್ಯಕ್ಕೆ ಬೇಕು.

ಈಗ ಒಂದು ಎಚ್ಚರಿಕೆ. ಅನಿರೀಕ್ಷಿತವಾಗಿ ಬಂದದ್ದೆಲ್ಲ ಒಳ್ಳೆಯದಲ್ಲ. ಬರೆಯುವಾಗ ಥಟ್ಟನೆ ಬರುವುದರಲ್ಲಿ ಬಹಳಷ್ಟು ಧಾರಾವಾಹಿಗಳಿಂದ, ಸಿನಿಮಾಗಳಿಂದ, ನಾವು ಮೊದಲು ಓದಿದ ಕತೆಗಳಿಂದ ಬಂದದ್ದು. ನೆನಪು ಅದನ್ನು ಹೊಸದೆಂದು ಕೈಗಿಡುತ್ತದೆ. ಬಸ್ಸು ಉರುಳುತ್ತದೆ, ಎದೆ ಹಿಡಿದುಕೊಂಡು ಕುಸಿಯುತ್ತಾರೆ, ಟ್ರಂಕಿನಲ್ಲಿ ಹಳೆಯ ಪತ್ರ ಸಿಗುತ್ತದೆ. ಇವುಗಳಿಂದ ಓದುವವರು ಒಂದು ಕ್ಷಣ ಹೌಹಾರಬಹುದು, ಬರೆದವರಿಗೆ ಹೊಸದೇನೂ ತಿಳಿದಿರುವುದಿಲ್ಲ. ನಿಮ್ಮ ಕತೆಗಂತೂ ಒಂದು ನಿರ್ದಿಷ್ಟ ಅಪಾಯ ಕಾದಿದೆ, ಈಗಲೇ ಹೇಳಿಬಿಡುತ್ತೇನೆ. ಮಗ ಖಾರದ ಕೈಯಿಂದ ಕಣ್ಣೊರೆಸಿಕೊಳ್ಳುತ್ತಾನೆ, ನೀರು ಬಂದದ್ದು ಘಾಟಿಗೋ ದುಃಖಕ್ಕೋ ಯಾರಿಗೂ ತಿಳಿಯುವುದಿಲ್ಲ. ಈ ಸಾಲು ನಿಮ್ಮ ಪೆನ್ನಿನ ತುದಿಗೆ ಬಂದೇ ಬರುತ್ತದೆ. ಮೆಣಸಿನಕಾಯಿ ಮತ್ತು ತಾಯಿ ಒಟ್ಟಿಗೆ ಇರುವ ಯಾವ ಕತೆಯಲ್ಲೂ ಅದು ಬರುತ್ತದೆ. ಬಂದರೆ ಬರೆಯಿರಿ, ಬರೆದು ಹೊಡೆದುಹಾಕಿ, ಅದರ ಮುಂದಿನ ಸಾಲಿಗೆ ಕಾಯಿರಿ.

ಖರೆಯದನ್ನು ಗುರುತಿಸುವುದು ಹೇಗೆ? ನಾನು ನೋಡುವುದು ಹಿಂದಕ್ಕೆ. ಹೊಸದಾಗಿ ಬಂದ ಸಂಗತಿಯನ್ನು ಹಿಡಿದುಕೊಂಡು ಮೊದಲ ಪುಟದಿಂದ ಓದುತ್ತ ಬನ್ನಿ. ಹಿಂದಿನ ಯಾವ ಸಾಲನ್ನೂ ಮುಟ್ಟಬೇಕಾಗಿಲ್ಲ ಅನ್ನಿಸಿದರೆ ಅದು ಮೇಲೆ ಅಂಟಿಸಿದ ಚಿತ್ತಾರ, ತೆಗೆಯಿರಿ. ಹಿಂದಿನದೆಲ್ಲ ಸುಳ್ಳಾಗುತ್ತದೆ ಅನ್ನಿಸಿದರೆ ಅದು ಬೇರೆಯೇ ಕತೆ, ಬೇರೆ ಹಾಳೆಯಲ್ಲಿ ಬರೆದಿಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಹಿಂದಿನ ಕೆಲವು ಸಾಲು ಬೇಡವಾಗಿ, ಸುಮ್ಮನೆ ಬರೆದಿದ್ದ ಇನ್ನು ಕೆಲವು ಇದ್ದಕ್ಕಿದ್ದಂತೆ ತೂಕ ಪಡೆದರೆ ಅದು ಈ ಕತೆಯದೇ. ನಿಮ್ಮಲ್ಲಿ ಆಗಿರುವುದು ಇದು. ನೀರಿಗೆ ಏಳದ ಸಾಲನ್ನು ನೀವು ಬಡತನ ತೋರಿಸಲೆಂದು ಬರೆದಿದ್ದಿರಿ ಅಂತ ಕಾಣುತ್ತದೆ, ಈಗ ಅದೇ ಸಾಲಿನಲ್ಲಿ ಆಕೆಯ ಹಟ ಕಾಣುತ್ತಿದೆ. ಮೊದಲ ಪುಟದ 'ಸೂರ್ಯನ ಹೊಂಗಿರಣಗಳು ಪಟ್ಟಣವನ್ನು ಚುಂಬಿಸುತ್ತಿದ್ದವು' ಎಂಬುದು ಮಾತ್ರ ಯಾವ ಕತೆಗೂ ಬೇಡ.

ಆ ಸಾಲು ಬಂದದ್ದಕ್ಕೂ ಒಂದು ಕಾರಣವಿದೆ. ನಿಮ್ಮ ನಿರೂಪಣೆ ಪಠ್ಯಪುಸ್ತಕದ ಕನ್ನಡದಲ್ಲಿದೆ. ಅದರಲ್ಲಿ ವಾಕ್ಯಗಳು ಸಿದ್ಧ ಉಡುಪಿನಂತೆ ಮೊದಲೇ ಹೊಲಿದು ಸಿಗುತ್ತವೆ. ಆರನೇ ಪುಟದ ತಿರುವು ಬಂದದ್ದು ಮನೆಮಾತಿನಲ್ಲಿ, "ಈ ಚೀಲ ಮುಗೀಲಿ, ನೀನೂ ಕೂಡು" ಎಂಬಲ್ಲಿ. ಇದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. 'ಈ ಚೀಲ ಸಂಪೂರ್ಣವಾಗುವವರೆಗೆ ನೀನು ಸಹ ಕುಳಿತುಕೋ' ಅಂತ ಬರೆಯಲು ಹೋಗಿದ್ದರೆ ಆಕೆ ಬಹುಶಃ ಎದ್ದು ಹೋಗಿರುತ್ತಿದ್ದಳು. ನಿರೂಪಣೆಯನ್ನೂ ಪೂರ್ತಿ ಹಾವೇರಿ ಕಡೆಯ ಮಾತಿಗೆ ತಿರುಗಿಸಿ ಅನ್ನುತ್ತಿಲ್ಲ, ಅದು ನಿಮಗೆ ಬಿಟ್ಟದ್ದು. ಒಂದು ದೃಶ್ಯವನ್ನು ಮೊದಲು ಬಾಯಲ್ಲಿ, ಮನೆಯಲ್ಲಿ ತಂಗಿಗೆ ಹೇಳುವ ಹಾಗೆ ಹೇಳಿ ನೋಡಿ, ಆಮೇಲೆ ಬರೆಯಿರಿ.

ಸುತ್ತಲಿನದನ್ನು ಬಿಗಿಯಾಗಿ ಕಟ್ಟಬೇಕು ಅಂತ ಆಗಲೇ ಹೇಳಿದೆನಲ್ಲ, ನಿಮ್ಮ ಜಿಲ್ಲೆಯವರೇ ಆದ ಶಿಶುವಿನಹಾಳದ ಶರೀಫರನ್ನು (1819–1889) ಈ ದೃಷ್ಟಿಯಿಂದ ಒಮ್ಮೆ ಓದಿ. ಕೋಳಿ ಕೋಡಗನನ್ನು ನುಂಗುವ ಆ ಪದವನ್ನು ನಾವು ಒಗಟಿನಂತೆ, ತತ್ವದಂತೆ ಕೇಳುತ್ತ ಬಂದಿದ್ದೇವೆ. ನುಂಗುವುದೂ ನುಂಗಿಸಿಕೊಳ್ಳುವುದೂ ಏನೇನು ಅಂತ ಪಟ್ಟಿ ಮಾಡಿ ನೋಡಿ. ಒಳ್ಳು, ಒನಕೆ, ಬೀಸುವ ಕಲ್ಲು, ಅದರ ಗೂಟ, ಮಗ್ಗ, ಲಾಳಿ, ಗೋಡೆ, ಸುಣ್ಣ. ಲೋಕ ತಲೆಕೆಳಗಾಗುವ ಪದದಲ್ಲಿ ಸಾಮಾನೆಲ್ಲ ಪಕ್ಕದ ಮನೆಯದು. ಕೊನೆಗೆ ಗುರುವಿನ ಪಾದ ಹಾಡುವವನನ್ನೇ ನುಂಗಿದಾಗ ನಾವು ನಂಬುತ್ತೇವೆ, ಏಕೆಂದರೆ ಅಲ್ಲಿಯವರೆಗೆ ಬಂದದ್ದೆಲ್ಲ ನಾವು ಮುಟ್ಟಿ ನೋಡಿದ ಸಾಮಾನು.

ಅದಕ್ಕೇ ಹೇಳುತ್ತೇನೆ, ಪೇಟೆಗೆ ಇನ್ನೊಮ್ಮೆ ಹೋಗಿ ಬನ್ನಿ. ಊರಲ್ಲೇ ಇರುವವರು ಊರನ್ನು ನೋಡುವುದು ಕಡಿಮೆ. ಹೋಗುವಾಗ ಯೋಜನೆಯ ನೋಟ್‌ಬುಕ್ಕು ಮನೆಯಲ್ಲಿರಲಿ. ನೀವು ಬರೆದಿರುವುದಕ್ಕೆ ಸಾಕ್ಷಿ ಹುಡುಕಬೇಡಿ, ಎದುರು ನಿಲ್ಲುವ ಒಂದಾದರೂ ಸಂಗತಿ ಹುಡುಕಿ. ಹೆಂಗಸರು ಕೂತು ಮಾತಾಡುವುದು ಯಾವುದರ ಬಗ್ಗೆ? ಕಷ್ಟಸುಖವನ್ನೇ ಆಡುತ್ತಾರೆ ಅಂತ ನಿಮ್ಮ ಎರಡನೇ ಪುಟ ಹೇಳುತ್ತದೆ, ನನಗೆ ಅನುಮಾನ. ತೂಕ ಮಾಡುವವರ ಮೇಲೆ ಅವರ ಕಣ್ಣು ಹೇಗಿರುತ್ತದೆ? ಕೂಲಿ ಹಣ ಯಾರ ಕೈಗೆ ಬರುತ್ತದೆ, ಮನೆಗೆ ಹೋಗುವಷ್ಟರಲ್ಲಿ ಎಷ್ಟು ಉಳಿದಿರುತ್ತದೆ? ಈ ಹೆಂಗಸರಲ್ಲಿ ಯಾರದಾದರೂ ಕೂಸು ನಿಮ್ಮ ತರಗತಿಯಲ್ಲೇ ಇರಬಹುದು, ಆ ಅನುಕೂಲ ಬೇರೆ ಕತೆಗಾರರಿಗಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದ್ದು, ಅದರ ಖಾರಕ್ಕಿಂತ ಬಣ್ಣಕ್ಕೆ ಬೆಲೆ ಜಾಸ್ತಿ ಇರುವುದು, ಆ ಬಣ್ಣದ ಸಾರ ತುಟಿಗೆ ಹಚ್ಚುವ ಲಿಪ್‌ಸ್ಟಿಕ್ಕಿಗೂ ಹೋಗುವುದು ನಿಮಗೆ ಗೊತ್ತೇ ಇರುತ್ತದೆ. ಬಸವ್ವನಿಗೆ ಗೊತ್ತಿದೆಯೇ? ಗೊತ್ತಿದ್ದರೆ ನಗುತ್ತಾಳೋ, ಸೊಸೆಯ ನೆನಪಾಗುತ್ತದೋ? ದಯವಿಟ್ಟು ಇದನ್ನು ಮಾಹಿತಿಯಂತೆ ಕತೆಗೆ ತುರುಕಬೇಡಿ. ಆಕೆಯ ಬಾಯಿಗೆ ತಾನಾಗಿ ಬಂದರೆ ಬರಲಿ, ಬಾರದಿದ್ದರೆ ಪೇಟೆಯಲ್ಲೇ ಉಳಿಯಲಿ.

ಏನೂ ಬರದ ದಿನ ಬರೆಯಬೇಡಿ. ಹಿಂದಿನ ಪುಟವನ್ನು ಚೆನ್ನಾದ ಅಕ್ಷರದಲ್ಲಿ ನಕಲು ಮಾಡಿ, ಕೈ ಕೆಲವು ಕಡೆ ತಾನಾಗಿ ತಿದ್ದುತ್ತದೆ. ಇನ್ನು ನಿಮ್ಮ ಮನೆಯವರ ವಿಚಾರ. ಕತೆ ಮುಗಿಯುವ ತನಕ ಅವರಿಗೆ ತೋರಿಸದಿದ್ದರೆ ಒಳ್ಳೆಯದು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಅರ್ಧ ಕತೆ ಕೇಳಿದ ಯಾರಿಗೇ ಆದರೂ ಅದನ್ನು ಗೊತ್ತಿರುವ ದಾರಿಗೆ ತಿರುಗಿಸಬೇಕು ಅನ್ನಿಸುತ್ತದೆ, ಮತ್ತು ನಾವು ಪ್ರೀತಿಸುವವರ ಮಾತನ್ನು ತಳ್ಳುವುದು ಕಷ್ಟ.

ಈಗ ಮುಂದಿನ ಕೆಲಸ. ಮೊದಲ ಎರಡು ಪುಟ ಸದ್ಯಕ್ಕೆ ಪಕ್ಕಕ್ಕಿಡಿ, ಮೂರರಿಂದ ಶುರುವಾಗಲಿ. ಮಗನ ಚಹಾದಂಗಡಿಯ ಮಾತು ಬರೆದಾದ ಮೇಲೆ ಆ ಚೀಲ ಮುಗಿಯುವ ತನಕದ ಹೊತ್ತನ್ನು ಮಾತ್ರ ಬರೆಯಿರಿ. ಬೆಂಗಳೂರು ಬೇಡ, ಹಿಂದಿನ ನೆನಪು ಬೇಡ, ಪೇಟೆ ಬಿಟ್ಟು ಎಲ್ಲಿಗೂ ಹೋಗಬೇಡಿ. ಐದನೇ ಪುಟದಲ್ಲಿ ಮಗ ಎರಡು ಟಿಕೆಟ್ ಮುಂಚಿತವಾಗಿ ತೆಗೆಸಿದ್ದಾನೆ ಅಂತ ಒಂದು ಸಾಲು ಬರೆದು ಮರೆತಿದ್ದೀರಿ. ಕಿಲೋ ಲೆಕ್ಕದಲ್ಲಿ ಬದುಕಿದ ಹೆಂಗಸು ಅದರ ರೊಕ್ಕ ಎಷ್ಟು ಅಂತ ಕೇಳದೆ ಬಿಡುವವಳಲ್ಲ. ಕೇಳಿದಾಗ ಅವನು ಖರೆ ಹೇಳುತ್ತಾನೋ, ಕಡಿಮೆ ಮಾಡಿ ಹೇಳುತ್ತಾನೋ, ಆ ಮೊತ್ತಕ್ಕೆ ಎಷ್ಟು ಚೀಲ ಬಿಡಿಸಬೇಕು ಅಂತ ಆಕೆ ಅಲ್ಲೇ ಲೆಕ್ಕ ಹಾಕುತ್ತಾಳೋ, ಈಗಲೇ ಯೋಚಿಸಬೇಡಿ. ಅಲ್ಲಿಯ ತನಕ ಬರೆದು, ಆ ಪುಟ ಬಂದಾಗ ನೋಡಿ.